ಒಂದರ ಬೆನ್ನಿಗೆ ಇನ್ನೊಂದು: ಲೈಂಗಿಕ ಸೋಂಕುಗಳ ಹರಡುವಿಕೆ ಮತ್ತು ಬ್ಯಾಕ್ಟೀರಿಯಾ ಸಹಸೋಂಕುಗಳು

ಲೈಂಗಿಕವಾಗಿ ಹರಡುವ ಸೋಂಕುಗಳು ಅನೇಕ ಬಾರಿ ಒಂಟಿಯಾಗಿ ಬರುವುದಿಲ್ಲ. ಗೊನೊರಿಯಾ ತಗುಲಿದವರಲ್ಲಿ ಹಲವರಿಗೆ ಕ್ಲಮೈಡಿಯಾವೂ ಇರುತ್ತದೆ. ಸಿಫಿಲಿಸ್ ಹುಣ್ಣು ಇರುವವರಿಗೆ ಎಚ್‌ಐವಿ ತಗಲುವುದು ಸುಲಭ. ಯೋನಿಯ ಸಹಜ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ ಹೆಣ್ಣುಮಕ್ಕಳಲ್ಲಿ ಹರ್ಪಿಸ್, ಟ್ರೈಕೊಮೊನಾಸ್‌ಗಳಂಥ ಸೋಂಕುಗಳು ಹೆಚ್ಚಾಗಿ ಕಾಣಿಸುತ್ತವೆ. ಒಂದೇ ದೇಹದಲ್ಲಿ ಒಂದೇ ಕಾಲಕ್ಕೆ ಎರಡು ಅಥವಾ ಹೆಚ್ಚು ರೋಗಾಣುಗಳು ನೆಲೆಸುವುದಕ್ಕೆ ಸಹಸೋಂಕು ಎನ್ನುತ್ತಾರೆ. ಹೀಗಾಗಲು ಕಾರಣ ಎರಡು. ಈ ರೋಗಾಣುಗಳೆಲ್ಲ ಒಂದೇ ದಾರಿಯಲ್ಲಿ ಸಾಗುವುದರಿಂದ ಒಂದು ಸಿಕ್ಕವರಿಗೆ ಇನ್ನೊಂದು ಸಿಗುವ ಸಂಭವ ಹೆಚ್ಚು. ಅದಕ್ಕಿಂತ ಮುಖ್ಯವಾದ ಎರಡನೆಯ ಕಾರಣವೆಂದರೆ, ಮೊದಲು ಬಂದ ಸೋಂಕು ದೇಹದ ತಡೆಯನ್ನು ಸಡಿಲಿಸಿ ಮುಂದಿನದಕ್ಕೆ ಜಾಗ ಮಾಡಿಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್, ಟ್ರೈಕೊಮೊನಾಸ್ ಈ ನಾಲ್ಕರ ಹೊಸ ಸೋಂಕುಗಳೇ 37 ಕೋಟಿ 40 ಲಕ್ಷ. ಟ್ರೈಕೊಮೊನಾಸ್ ಏಕಕೋಶ ಪರಾವಲಂಬಿ. ಉಳಿದ ಮೂರು ಬ್ಯಾಕ್ಟೀರಿಯಾಗಳು. ನಾಲ್ಕಕ್ಕೂ ವಾಸಿಮಾಡುವ ಔಷಧವಿದೆ, ಅದೂ ಕಡಿಮೆ ಬೆಲೆಗೆ. ಎಚ್‌ಐವಿ ಮತ್ತು ಹರ್ಪಿಸ್ ವೈರಸ್‌ಗಳನ್ನು ಮಾತ್ರ ದೇಹದಿಂದ ಪೂರ್ತಿ ಹೊರಹಾಕುವ ಔಷಧ ಇನ್ನೂ ಇಲ್ಲ. ವಾಸಿಯಾಗುವ ಸೋಂಕನ್ನು ಹಾಗೇ ಬಿಟ್ಟರೆ ಅದು ವಾಸಿಯಾಗದ ಸೋಂಕನ್ನು ಕರೆತರುತ್ತದೆ ಎಂಬುದೇ ಈ ವಿಷಯದ ತಿರುಳು.

ಮಂಡ್ಯ ಜಿಲ್ಲೆಗೆ ಇದು ದೂರದ ಮಾತಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದಾರೆ. ಆದರೆ ಈ ಹಳ್ಳಿಗಳು ನಿಂತ ನೀರಲ್ಲ. ಮಂಡ್ಯ ಮತ್ತು ಮದ್ದೂರು ಬೆಂಗಳೂರು–ಮೈಸೂರು ಹೆದ್ದಾರಿ ಮತ್ತು ರೈಲು ದಾರಿಯ ಮೇಲಿವೆ. ಮಳವಳ್ಳಿ ಬೆಂಗಳೂರಿನಿಂದ ಕೊಳ್ಳೇಗಾಲ, ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿದೆ. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದಾಗಿನಿಂದ ಕಬ್ಬಿನ ಹಂಗಾಮು ಜನರ ಓಡಾಟದ ಹಂಗಾಮೂ ಆಗಿದೆ: ಹೊರ ಜಿಲ್ಲೆಗಳಿಂದ ಕಬ್ಬು ಕಡಿಯುವ ಗುಂಪುಗಳು ಬಂದು ಗದ್ದೆ ಬದಿಯಲ್ಲಿ ಜೋಪಡಿ ಹಾಕುತ್ತವೆ, ಲಾರಿಗಳು ಕಾರ್ಖಾನೆ ಮುಂದೆ ದಿನಗಟ್ಟಲೆ ಸಾಲುಗಟ್ಟುತ್ತವೆ, ಆಲೆಮನೆಗಳಿಗೆ ಹೊರ ರಾಜ್ಯದ ಕೂಲಿಗಳು ಬರುತ್ತಾರೆ. ಊರಿನ ಗಂಡಸರು ಬೆಂಗಳೂರಿಗೆ ಹೋಗಿ ಚಾಲಕರಾಗಿಯೋ ಕಟ್ಟಡ ಕೆಲಸದಲ್ಲೋ ಇದ್ದು ವಾರಕ್ಕೋ ತಿಂಗಳಿಗೋ ಒಮ್ಮೆ ಮನೆಗೆ ಬರುತ್ತಾರೆ. ಸೋಂಕಿನ ಅಪಾಯ ಈ ಅಗಲಿಕೆ ಮತ್ತು ಓಡಾಟದ ಜೊತೆ ಬೆಳೆಯುತ್ತದೆಯೇ ಹೊರತು ಯಾವುದೋ ಒಂದು ಜಾತಿಯ, ಕಸುಬಿನ ಅಥವಾ ಊರಿನ ಜನರ ಗುಣದಿಂದಲ್ಲ. ಈ ಮಾತನ್ನು ಒತ್ತಿ ಹೇಳಲೇಬೇಕು. ಏಕೆಂದರೆ ಲೈಂಗಿಕ ರೋಗವೆಂದರೆ ನಡತೆಯ ಪ್ರಶ್ನೆಯೆಂದು ನೋಡುವ ಕಡೆಯಲ್ಲೆಲ್ಲ ಜನ ಆಸ್ಪತ್ರೆಗೆ ತಡವಾಗಿ ಬರುತ್ತಾರೆ, ಆ ತಡವೇ ಸೋಂಕು ಹರಡಲು ಕಾಲಾವಕಾಶ ಕೊಡುತ್ತದೆ.

ಒಂದು ಸೋಂಕು ಇನ್ನೊಂದಕ್ಕೆ ಹೇಗೆ ನೆರವಾಗುತ್ತದೆ ಎಂಬುದು ಈಗ ಬಹುಮಟ್ಟಿಗೆ ತಿಳಿದಿದೆ. ಎಲ್ಲಕ್ಕಿಂತ ನೇರವಾದದ್ದು ಹುಣ್ಣು. ಊರಲ್ಲಿ ಪರಂಗಿ ಹುಣ್ಣು ಎಂದು ಕರೆಯುತ್ತಿದ್ದ ಸಿಫಿಲಿಸ್, ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ನೋವಿಲ್ಲದ ಒಂದು ಹುಣ್ಣಾಗಿ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಇಲ್ಲದೆಯೂ ಅದು ಮಾಯುತ್ತದೆ; ಆದ್ದರಿಂದ ರೋಗವೇ ಹೋಯಿತೆಂದು ಜನ ನಂಬಿಬಿಡುತ್ತಾರೆ. ಹುಣ್ಣು ತೆರೆದಿರುವಷ್ಟು ದಿನವೂ ಅಲ್ಲಿ ಚರ್ಮದ ತಡೆ ಇರುವುದಿಲ್ಲ. ಜೊತೆಗೆ ಎಚ್‌ಐವಿ ಹುಡುಕಿಕೊಂಡು ಹೋಗುವ ಸಿಡಿ4 ಜೀವಕೋಶಗಳೇ ರೋಗಾಣುವಿನೊಡನೆ ಹೋರಾಡಲು ಆ ಜಾಗದಲ್ಲಿ ಗುಂಪುಗೂಡಿರುತ್ತವೆ. ಹುಣ್ಣು ಮಾಡದ ಗೊನೊರಿಯಾ, ಕ್ಲಮೈಡಿಯಾಗಳು ಉರಿಯೂತದ ಮೂಲಕ ಇದೇ ಕೆಲಸ ಮಾಡುತ್ತವೆ. ಈಗಾಗಲೇ ಎಚ್‌ಐವಿ ಇರುವವರಲ್ಲಿ ಪರಿಣಾಮ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಆಫ್ರಿಕಾದ ಮಲಾವಿಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂತ್ರನಾಳದ ಉರಿಯೂತವಿದ್ದ ಎಚ್‌ಐವಿ ಪೀಡಿತ ಗಂಡಸರ ವೀರ್ಯದಲ್ಲಿ ವೈರಸ್ ಪ್ರಮಾಣ ಉರಿಯೂತವಿಲ್ಲದವರಿಗಿಂತ ಎಂಟು ಪಟ್ಟು ಹೆಚ್ಚಿತ್ತು. ಆಂಟಿಬಯಾಟಿಕ್ ಕೊಟ್ಟ ಎರಡು ವಾರದಲ್ಲಿ ಅದು ಇಳಿಯಿತು. ಎಚ್‌ಐವಿಗೆಂದು ಒಂದು ಮಾತ್ರೆಯನ್ನೂ ಕೊಡದೆ, ಬರೀ ಬ್ಯಾಕ್ಟೀರಿಯಾವನ್ನು ಕೊಂದು, ಎಚ್‌ಐವಿ ಹರಡುವ ಶಕ್ತಿಯನ್ನು ಕುಗ್ಗಿಸಬಹುದು ಎಂದು ಅಲ್ಲಿ ಕಣ್ಣಾರೆ ಕಂಡಿತು.

ಈ ಸರಣಿಯಲ್ಲಿ ಅತ್ಯಂತ ಸಾಮಾನ್ಯವಾದದ್ದೂ ಅತ್ಯಂತ ಕಡಿಮೆ ಚರ್ಚೆಯಾಗಿರುವುದೂ ಬ್ಯಾಕ್ಟೀರಿಯಲ್ ವಜೈನೋಸಿಸ್. ಹೆಂಗಸರು ಬಿಳಿ ಹೋಗುತ್ತಿದೆ, ಬಿಳಿಸೆರಗು ಎಂದು ಹೇಳಿಕೊಳ್ಳುವ ತೊಂದರೆಗಳಲ್ಲಿ ದೊಡ್ಡ ಪಾಲು ಇದರದು. ಆರೋಗ್ಯವಂತ ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತ ಅಲ್ಲಿನ ದ್ರವವನ್ನು ಹುಳಿಯಾಗಿಯೇ ಇಟ್ಟಿರುತ್ತವೆ. ಅದರ ಪಿಎಚ್ ಸಾಮಾನ್ಯವಾಗಿ 4.5ರ ಒಳಗೆ. ಈ ಹುಳಿಯಲ್ಲಿ ಹೊರಗಿನಿಂದ ಬಂದ ಹಲವು ರೋಗಾಣುಗಳು ಬದುಕಲಾರವು. ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ ಗಾರ್ಡ್‌ನರೆಲ್ಲಾ, ಪ್ರಿವೊಟೆಲ್ಲಾ ಮೊದಲಾದವು ಹೆಚ್ಚಾದಾಗ ಹುಳಿ ಇಳಿಯುತ್ತದೆ, ಒಳಪದರ ಕೆರಳುತ್ತದೆ, ತಡೆ ಮುರಿಯುತ್ತದೆ. ಇದನ್ನು ಗುರುತಿಸಲು ದೊಡ್ಡ ಯಂತ್ರವೇನೂ ಬೇಡ. 1983ರಲ್ಲಿ ಆಮ್ಸೆಲ್ ಮತ್ತು ಜೊತೆಗಾರರು ನಿಗದಿಪಡಿಸಿದ ನಾಲ್ಕು ಗುರುತುಗಳಲ್ಲಿ ಮೂರು ಇದ್ದರೆ ಸಾಕು: ತೆಳುವಾಗಿ ಒಂದೇ ಸಮನಾಗಿ ಹರಡಿದ ಬೂದುಬಿಳಿ ಸ್ರಾವ, ಪಿಎಚ್ ಕಾಗದದಲ್ಲಿ 4.5ಕ್ಕಿಂತ ಮೇಲಿನ ಬಣ್ಣ. ಗಾಜಿನ ಸ್ಲೈಡಿನ ಮೇಲಿನ ಸ್ರಾವಕ್ಕೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟ ಕೂಡಲೇ ಏಳುವ ಮೀನಿನ ವಾಸನೆ. ಸೂಕ್ಷ್ಮದರ್ಶಕದಲ್ಲಿ ಅಂಚೆಲ್ಲ ಬ್ಯಾಕ್ಟೀರಿಯಾ ಮುತ್ತಿಕೊಂಡು ಮಸುಕಾದ ಜೀವಕೋಶಗಳು. ಹತ್ತು ನಿಮಿಷದ ಕೆಲಸ. ಆದರೂ ಅನೇಕ ಕಡೆ ಒಳಪರೀಕ್ಷೆಗೆ ಮರೆಯಾದ ಕೋಣೆ ಇಲ್ಲವೆಂದೋ, ಲೇಡಿ ಡಾಕ್ಟರ್ ಇಲ್ಲವೆಂದೋ ಈ ಹತ್ತು ನಿಮಿಷ ದಕ್ಕುವುದಿಲ್ಲ. ಹೇಳಿಕೊಂಡ ಮಾತಿನ ಮೇಲೆಯೇ ಮಾತ್ರೆ ಬರೆದುಕೊಡಲಾಗುತ್ತದೆ.

ವಜೈನೋಸಿಸ್ ಹೀಗೆ ಪತ್ತೆಯಾಗದೆ ಉಳಿಯುವುದರ ಬೆಲೆ ಎಷ್ಟೆಂದು ಆಫ್ರಿಕಾದ ಅಧ್ಯಯನಗಳು ತೋರಿಸಿವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ವಜೈನೋಸಿಸ್ ಇದ್ದ ಹೆಣ್ಣುಮಕ್ಕಳಿಗೆ ಎಚ್‌ಐವಿ ತಗಲುವ ಅಪಾಯ ಶೇ 60ರಷ್ಟು ಹೆಚ್ಚಿತ್ತು. 2012ರ ಇನ್ನೊಂದು ಅಧ್ಯಯನ ದಂಪತಿಗಳನ್ನು ಹಿಂಬಾಲಿಸಿತು: ಹೆಂಡತಿಗೆ ಎಚ್‌ಐವಿ ಜೊತೆಗೆ ವಜೈನೋಸಿಸ್ ಕೂಡ ಇದ್ದರೆ ಗಂಡನಿಗೆ ಎಚ್‌ಐವಿ ದಾಟುವ ಅಪಾಯ ಮೂರು ಪಟ್ಟು. ಎಚ್‌ಐವಿ ತಡೆಗಟ್ಟುವ ಔಷಧವನ್ನೂ ಈ ಬ್ಯಾಕ್ಟೀರಿಯಾಗಳು ಕೆಡಿಸಬಲ್ಲವು. ದಕ್ಷಿಣ ಆಫ್ರಿಕಾದಲ್ಲಿ ಪರೀಕ್ಷಿಸಿದ ಟೆನೊಫೊವಿರ್ ಜೆಲ್, ಲ್ಯಾಕ್ಟೊಬ್ಯಾಸಿಲಸ್ ಮೇಲುಗೈಯಿದ್ದವರಲ್ಲಿ ಸೋಂಕನ್ನು ಶೇ 61ರಷ್ಟು ತಡೆದರೆ, ಉಳಿದವರಲ್ಲಿ ತಡೆದದ್ದು ಶೇ 18 ಮಾತ್ರ. ಗಾರ್ಡ್‌ನರೆಲ್ಲಾ ಆ ಔಷಧವನ್ನೇ ತಿಂದುಹಾಕುತ್ತಿತ್ತು ಎಂದು 2017ರಲ್ಲಿ ಗೊತ್ತಾಯಿತು.

ಮಂಡ್ಯಕ್ಕೆ ಹತ್ತಿರವಿದ್ದು ಇದನ್ನೆಲ್ಲ ಅಳತೆಮಾಡಿ ನೋಡಿದ ಊರು ಮೈಸೂರು. ನಲವತ್ತೈದು ಕಿಲೋಮೀಟರ್ ಆಚೆ, ಒಂದೇ ಬಸ್ಸು, ಒಂದೇ ರೈಲು, ಒಂದೇ ಆಡುಮಾತು. ಆದ್ದರಿಂದ ಅಲ್ಲಿನ ಅಂಕಿಗಳಿಗೆ ಈ ಸೀಮೆಯಲ್ಲೂ ಅರ್ಥವಿದೆ. ಅಲ್ಲಿ ಎರಡು ಬಗೆಯ ಅಧ್ಯಯನ ನಡೆದಿದೆ. ಮೊದಲನೆಯದು ಸಾಮಾನ್ಯ ಗೃಹಸ್ಥ ಹೆಣ್ಣುಮಕ್ಕಳದು. ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಪೂರ್ಣಿಮಾ ಮಾಧಿವಣನ್ ಮತ್ತು ತಂಡ 2005–06ರಲ್ಲಿ 898 ಯುವತಿಯರನ್ನು ಪರೀಕ್ಷಿಸಿತು. ಬಹುತೇಕ ಎಲ್ಲರೂ ಮದುವೆಯಾದವರು. ಸುಮಾರು ಐವರಲ್ಲಿ ಒಬ್ಬರಿಗೆ ವಜೈನೋಸಿಸ್ ಇತ್ತು. ಹಾಗೆ ಇದ್ದವರಲ್ಲಿ ಟ್ರೈಕೊಮೊನಾಸ್ ಮತ್ತು ಜನನಾಂಗ ಹರ್ಪಿಸ್ ಎರಡೂ ಗಮನಾರ್ಹವಾಗಿ ಹೆಚ್ಚಿದ್ದವು. ಲೈಂಗಿಕ ಸೋಂಕು ಎಂದರೆ ‘ಹೊರಗಿನವರ’ ಕಾಯಿಲೆ ಎಂದುಕೊಂಡವರು ಈ ಅಂಕಿಗಳನ್ನು ನೋಡಬೇಕು. ಒಂದೇ ಗಂಡನೊಡನೆ ಸಂಸಾರ ಮಾಡಿಕೊಂಡು ಮನೆಯಲ್ಲಿರುವ ಹೆಣ್ಣುಮಗಳ ದೇಹದಲ್ಲಿಯೇ ಎರಡು ಮೂರು ಸೋಂಕುಗಳು ಸದ್ದಿಲ್ಲದೆ ಜೊತೆಗೂಡಿರಬಹುದು.

ಎರಡನೆಯದು ಲೈಂಗಿಕ ವೃತ್ತಿಯ ಮಹಿಳೆಯರದು. 2000ದ ದಶಕದ ಆರಂಭದಲ್ಲಿ ಗರ್ಭಿಣಿಯರಲ್ಲಿ ಎಚ್‌ಐವಿ ಪ್ರಮಾಣ ಶೇ 1 ದಾಟಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗೇಟ್ಸ್ ಫೌಂಡೇಶನ್‌ನ ಆವಾಹನ್ ಯೋಜನೆ, ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ರಾಜ್ಯದಲ್ಲಿ ಕೆಲಸ ಶುರುಮಾಡಿದ್ದು ಆಗ. ಮೈಸೂರಿನಲ್ಲಿ ವೃತ್ತಿಯವರಲ್ಲಿ ಹೆಚ್ಚಿನವರು ಬೀದಿ, ಬಸ್ ನಿಲ್ದಾಣ, ಲಾಡ್ಜ್‌ಗಳನ್ನು ಆಧರಿಸಿದವರು. ಒಂದೆಡೆ ನೆಲೆಸಿದ ಕೇರಿ ಅಲ್ಲಿರಲಿಲ್ಲ. ಆದ್ದರಿಂದ ಅವರೇ ಸೇರಿ ನಡೆಸುವ ಕ್ಲಿನಿಕ್ ಮತ್ತು ವಿಶ್ರಾಂತಿ ಕೇಂದ್ರ ಮುಖ್ಯವಾಯಿತು, ಅದೇ ಮುಂದೆ ಆಶೋದಯ ಸಮಿತಿಯಾಗಿ ಬೆಳೆಯಿತು. 2004 ಮತ್ತು 2006ರಲ್ಲಿ ಮಾಡಿದ ಎರಡು ಸಮೀಕ್ಷೆಗಳ ನಡುವಿನ ಬದಲಾವಣೆ ಕಣ್ಣಿಗೆ ರಾಚುವಂಥದು: ಸಿಫಿಲಿಸ್ ಶೇ 25ರಿಂದ 12ಕ್ಕೆ, ಟ್ರೈಕೊಮೊನಾಸ್ 33ರಿಂದ 14ಕ್ಕೆ, ಕ್ಲಮೈಡಿಯಾ 11ರಿಂದ 5ಕ್ಕೆ, ಗೊನೊರಿಯಾ 5ರಿಂದ 2ಕ್ಕೆ ಇಳಿದವು. ಎಚ್‌ಐವಿ ಮಾತ್ರ ಶೇ 26ರಿಂದ 24ಕ್ಕೆ, ಅಂದರೆ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ಇದನ್ನು ಸೋಲೆಂದು ಓದಬಾರದು. ಬ್ಯಾಕ್ಟೀರಿಯಾ ಸೋಂಕು ವಾಸಿಯಾಗಿ ಲೆಕ್ಕದಿಂದ ಹೊರಬೀಳುತ್ತದೆ, ಎಚ್‌ಐವಿ ಬಂದವರು ಬದುಕಿರುವವರೆಗೂ ಲೆಕ್ಕದಲ್ಲಿ ಉಳಿಯುತ್ತಾರೆ. ಹಾಗಾಗಿ ಎರಡು ವರ್ಷದಲ್ಲಿ ನೋಡಬೇಕಾದದ್ದು ಹೊಸ ಸೋಂಕುಗಳನ್ನು. ಅವು ಕಡಿಮೆಯಾಗುತ್ತಿರುವ ಸೂಚನೆ ಅದೇ ಅಧ್ಯಯನದಲ್ಲಿ ಕಂಡಿತು. ಬೆಂಗಳೂರು, ಬೆಳಗಾವಿ, ಬಳ್ಳಾರಿ, ಮೈಸೂರು, ಶಿವಮೊಗ್ಗ ಈ ಐದು ಜಿಲ್ಲೆಗಳನ್ನು ಸೇರಿಸಿ ನೋಡಿದಾಗ ವೃತ್ತಿಯವರಲ್ಲಿ ಎಚ್‌ಐವಿ ಶೇ 19.6ರಿಂದ 16.4ಕ್ಕೆ ಇಳಿದಿತ್ತು.

ಹಾಗಾದರೆ ಬ್ಯಾಕ್ಟೀರಿಯಾ ಸೋಂಕುಗಳಿಗೆ ಚಿಕಿತ್ಸೆ ಕೊಟ್ಟರೆ ಎಚ್‌ಐವಿ ನಿಲ್ಲುತ್ತದೆಯೇ? ಇಲ್ಲಿ ವಿಜ್ಞಾನದ ಉತ್ತರ ಒಂದೇ ಅಲ್ಲ. ಟಾಂಜಾನಿಯಾದ ಮ್ವಾನ್ಜಾ ಪ್ರದೇಶದ ಹಳ್ಳಿಗಳಲ್ಲಿ, ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು, ಲಕ್ಷಣವಿದ್ದು ಬಂದವರಿಗೆ ಎಲ್ಲ ಕಾಲಕ್ಕೂ ಔಷಧ ಸಿಗುವಂತೆ ಮಾಡಿದರು. ಹೊಸ ಎಚ್‌ಐವಿ ಸೋಂಕುಗಳು ಸುಮಾರು ಶೇ 40ರಷ್ಟು ಕಡಿಮೆಯಾದವು ಎಂದು 1995ರಲ್ಲಿ ಪ್ರಕಟವಾಯಿತು. ನೆರೆಯ ಉಗಾಂಡಾದ ರಕಾಯ್‌ನಲ್ಲಿ ಹತ್ತು ತಿಂಗಳಿಗೊಮ್ಮೆ ಊರಿಗೆ ಊರೇ ಆಂಟಿಬಯಾಟಿಕ್ ನುಂಗಿತು. ಸಿಫಿಲಿಸ್ ಇಳಿಯಿತು, ಎಚ್‌ಐವಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಫಲಿತಾಂಶ 1999ರಲ್ಲಿ ಬಂತು. ಹರ್ಪಿಸ್ ಅನ್ನು ಅಸೈಕ್ಲೋವಿರ್‌ನಿಂದ ಅದುಮಿಟ್ಟು ನೋಡಿದ ಪ್ರಯೋಗಗಳೂ 2008 ಮತ್ತು 2010ರಲ್ಲಿ ನಿರಾಸೆಯನ್ನೇ ತಂದವು. ಈ ವಿರೋಧಕ್ಕೆ ಒಪ್ಪತಕ್ಕ ವಿವರಣೆ ಇದೆ. ರಕಾಯ್‌ನಲ್ಲಿ ಎಚ್‌ಐವಿ ಆಗಲೇ ಮನೆಮನೆಗೆ ಹರಡಿ, ಸ್ಥಿರ ದಂಪತಿಗಳ ನಡುವೆಯೇ ಹೆಚ್ಚು ದಾಟುತ್ತಿತ್ತು. ಹತ್ತು ತಿಂಗಳ ಮಧ್ಯೆ ಬ್ಯಾಕ್ಟೀರಿಯಾ ಮರಳಿ ಬರುತ್ತಿತ್ತು. ಮ್ವಾನ್ಜಾದಲ್ಲಿ ಪಿಡುಗು ಇನ್ನೂ ಎಳೆಯದು, ಚಿಕಿತ್ಸೆ ನಿತ್ಯ ಲಭ್ಯ. ಸೋಂಕು ಕೆಲವು ಜಾಲಗಳಲ್ಲಿ ದಟ್ಟವಾಗಿದ್ದು, ಅಲ್ಲಿಂದ ಉಳಿದ ಜನರಿಗೆ ಹರಿಯುತ್ತಿದ್ದ ಕರ್ನಾಟಕದ ಪರಿಸ್ಥಿತಿ ಮ್ವಾನ್ಜಾಗೆ ಹತ್ತಿರ. ವರ್ಷಕ್ಕೊಮ್ಮೆ ಶಿಬಿರ ಹೂಡಿ ಮಾತ್ರೆ ಹಂಚುವುದರಿಂದ ಆಗದ ಕೆಲಸ, ತಾಲ್ಲೂಕು ಆಸ್ಪತ್ರೆಯಲ್ಲಿ ದಿನವೂ ಬಾಗಿಲು ತೆರೆದಿರುವ ಒಂದು ಕೋಣೆಯಿಂದ ಆಗುತ್ತದೆ ಎಂಬುದೇ ಈ ಎರಡು ಪ್ರಯೋಗಗಳನ್ನು ಎದುರುಬದುರು ಇಟ್ಟಾಗ ಕಾಣುವ ಪಾಠ.

ಎಚ್‌ಐವಿಯ ಆಚೆಗೂ ಸಹಸೋಂಕಿನ ಹಾನಿ ಇದೆ. ಗರ್ಭಿಣಿಗೆ ಸಿಫಿಲಿಸ್ ಇದ್ದು ಚಿಕಿತ್ಸೆಯಾಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೇ ಜನ್ಮಜಾತ ಸಿಫಿಲಿಸ್‌ನೊಂದಿಗೆ ಹುಟ್ಟಬಹುದು. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಎಚ್‌ಐವಿ, ಸಿಫಿಲಿಸ್ ಎರಡನ್ನೂ ಒಟ್ಟಿಗೆ ತೋರಿಸುವ ಕಿಟ್ ಈಗ ಇದೆ. ಆರಂಭದ ಹಂತದ ಸಿಫಿಲಿಸ್‌ಗೆ 24 ಲಕ್ಷ ಯೂನಿಟ್ ಬೆಂಜಥಿನ್ ಪೆನಿಸಿಲಿನ್‌ನ ಒಂದೇ ಇಂಜೆಕ್ಷನ್ ಸಾಕು. ಹೆರಿಗೆಗೆ ಕನಿಷ್ಠ ಒಂದು ತಿಂಗಳ ಮೊದಲೇ ಕೊಟ್ಟಿರಬೇಕು ಅಷ್ಟೆ. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ವಜೈನೋಸಿಸ್ ಇದ್ದವರಲ್ಲಿ ದೀರ್ಘಕಾಲ ಉಳಿಯುವ ಸಂಭವ ಹೆಚ್ಚು. ಎಚ್‌ಐವಿ ಇದ್ದವರನ್ನು ಹೆಚ್ಚಾಗಿ ಕೊಲ್ಲುವ ಕ್ಷಯವೂ ಬ್ಯಾಕ್ಟೀರಿಯಾ ಸಹಸೋಂಕೇ, ಲೈಂಗಿಕವಾಗಿ ಬರದಿದ್ದರೂ.

ಸರ್ಕಾರಿ ವ್ಯವಸ್ಥೆಯಲ್ಲಿ ಇವುಗಳ ಚಿಕಿತ್ಸೆ ಸುರಕ್ಷಾ ಕ್ಲಿನಿಕ್ ಎಂಬ ಹೆಸರಿನಲ್ಲಿ ಉಚಿತವಾಗಿ ನಡೆಯುತ್ತದೆ. ಲಕ್ಷಣ ನೋಡಿ ಔಷಧ ಕೊಡುವ ಈ ಪದ್ಧತಿಯಲ್ಲಿ ಏಳು ಬಣ್ಣದ ಕಿಟ್‌ಗಳಿವೆ. ಬೂದು ಕಿಟ್‌ನಲ್ಲಿ ಅಜಿತ್ರೊಮೈಸಿನ್ ಮತ್ತು ಸೆಫಿಕ್ಸಿಮ್. ಕ್ಲಮೈಡಿಯಾ, ಗೊನೊರಿಯಾ ಎರಡಕ್ಕೂ ಒಂದೇ ಏಟು. ಹಸಿರು ಕಿಟ್‌ನಲ್ಲಿ ಬಿಳಿಸೆರಗಿಗೆ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್. ಬಿಳಿಯದರಲ್ಲಿ ಹುಣ್ಣಿಗೆ ಪೆನಿಸಿಲಿನ್ ಮತ್ತು ಅಜಿತ್ರೊಮೈಸಿನ್. ಕಿಟ್‌ಗಳ ರಚನೆಯಲ್ಲೇ ಸಹಸೋಂಕಿನ ಅರಿವು ಇದೆ. ಪ್ರಯೋಗಾಲಯದ ವರದಿಗೆ ಕಾಯದೆ, ಬಂದ ದಿನವೇ ಔಷಧ ನುಂಗಿಸಿ ಕಳಿಸಬಹುದು. ಹಳ್ಳಿಯಿಂದ ಕೂಲಿ ಬಿಟ್ಟು ಬಂದವರಿಗೆ ಇದು ದೊಡ್ಡ ಅನುಕೂಲ. ತೊಡಕು ಇರುವುದು ಲಕ್ಷಣವೇ ಇಲ್ಲದವರಲ್ಲಿ. ಕ್ಲಮೈಡಿಯಾ ತಗುಲಿದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಏನೂ ಗೊತ್ತಾಗುವುದಿಲ್ಲ. ಅವರು ಕ್ಲಿನಿಕ್ಕಿಗೆ ಬರುವುದೂ ಇಲ್ಲ, ಬಣ್ಣದ ಕಿಟ್ ಅವರಿಗೆ ಸಿಗುವುದೂ ಇಲ್ಲ. ಗರ್ಭನಾಳ ಕಟ್ಟಿಕೊಂಡು ಮಕ್ಕಳಾಗದೆ ಹೋದಾಗ ಸೋಂಕಿನ ಹಳೆಯ ಗುರುತು ಬೆಳಕಿಗೆ ಬರುತ್ತದೆ. ಲಕ್ಷಣದಿಂದ ಪರೀಕ್ಷೆಯ ಕಡೆಗೆ ಹೊರಳಲೇಬೇಕಾದ ಕಾಲ ಬಂದಿದೆ. ಕ್ಷಯ ಪತ್ತೆಗೆಂದು ಸರ್ಕಾರಿ ಆಸ್ಪತ್ರೆಗಳಿಗೆ ಬಂದಿರುವ ಸಿಬಿನ್ಯಾಟ್ ಯಂತ್ರದಲ್ಲಿ ಬೇರೆ ಕಾರ್ಟ್ರಿಜ್ ಹಾಕಿದರೆ ಕ್ಲಮೈಡಿಯಾ, ಗೊನೊರಿಯಾ ಎರಡೂ ಸುಮಾರು ಒಂದೂವರೆ ಗಂಟೆಯಲ್ಲಿ ತಿಳಿಯುತ್ತವೆ. ಯಂತ್ರ ಇರುವ ಕಡೆ ಕಾರ್ಟ್ರಿಜ್ ತರಿಸುವುದು ಹಣಕಾಸಿನ ನಿರ್ಧಾರ, ತಂತ್ರಜ್ಞಾನದ ಸಮಸ್ಯೆಯಲ್ಲ.

ಆಸ್ಪತ್ರೆಗೆ ಬರಲು ನಾಚಿಕೊಳ್ಳುವವರು ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ. ಗುರುತಿನವರು ಸಿಗಬಾರದೆಂದು ಮಳವಳ್ಳಿಯವರು ಮದ್ದೂರಿಗೆ, ಮದ್ದೂರಿನವರು ಮಂಡ್ಯಕ್ಕೆ ಹೋಗಿ, ‘ಉರಿಮೂತ್ರಕ್ಕೆ ಏನಾದರೂ ಕೊಡಿ’ ಎನ್ನುತ್ತಾರೆ. ಎರಡು ದಿನದ ಮಾತ್ರೆಗೆ ಉರಿ ನಿಲ್ಲುತ್ತದೆ, ಸೋಂಕು ಉಳಿಯುತ್ತದೆ, ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ. ಗೊನೊರಿಯಾ ಹೀಗೆಯೇ ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ಗಳನ್ನು ಒಂದೊಂದಾಗಿ ದಾಟಿ ಬಂದಿದೆ. ಅಜಿತ್ರೊಮೈಸಿನ್‌ಗೂ ಬಗ್ಗದ ತಳಿಗಳು ಹೆಚ್ಚಿದ್ದರಿಂದ ಅಮೆರಿಕ 2020ರಲ್ಲಿ ಅದನ್ನು ಗೊನೊರಿಯಾ ಚಿಕಿತ್ಸೆಯಿಂದ ಕೈಬಿಟ್ಟು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಒಂದನ್ನೇ ಉಳಿಸಿಕೊಂಡಿತು. ಸಂಪರ್ಕವಾದ ಮೂರು ದಿನದೊಳಗೆ ಡಾಕ್ಸಿಸೈಕ್ಲಿನ್ ನುಂಗಿ ಸೋಂಕು ತಡೆಯುವ ಹೊಸ ಕ್ರಮ, ಗಂಡಸರೊಡನೆ ಸಂಬಂಧವಿರುವ ಗಂಡಸರಲ್ಲಿ ಮತ್ತು ಟ್ರಾನ್ಸ್ ಮಹಿಳೆಯರಲ್ಲಿ ಮೂರರಲ್ಲಿ ಎರಡು ಪಾಲು ಸೋಂಕನ್ನು ತಪ್ಪಿಸಿತೆಂದು 2023ರಲ್ಲಿ ವರದಿಯಾಯಿತು. ಅದೇ ವರ್ಷ ಕೀನ್ಯಾದ ಯುವತಿಯರಲ್ಲಿ ಅದು ಫಲ ಕೊಡಲಿಲ್ಲ. ಕೂದಲ ಪರೀಕ್ಷೆಯಲ್ಲಿ ಹೆಚ್ಚಿನವರು ಮಾತ್ರೆ ತೆಗೆದುಕೊಂಡಿರಲಿಲ್ಲವೆಂದು ಕಂಡಿತು. ಚೀಟಿಯಿಲ್ಲದೆ ಆಂಟಿಬಯಾಟಿಕ್ ಸಿಗುವ ಊರುಗಳಲ್ಲಿ ಈ ಕ್ರಮವನ್ನು ಅವಸರದಿಂದ ತರುವುದು ತರವಲ್ಲ.

ಕೊನೆಯದಾಗಿ ಸಂಗಾತಿಯ ಚಿಕಿತ್ಸೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬಲಹೀನವಾದ ಕೊಂಡಿ ಇದು. ಹೆಂಡತಿ ಮಾತ್ರ ಕಿಟ್ ನುಂಗಿ, ಗಂಡ ಬೆಂಗಳೂರಿನಿಂದ ಶನಿವಾರ ಬಂದರೆ, ಮುಂದಿನ ವಾರಕ್ಕೆ ಸೋಂಕು ಮತ್ತೆ ಹಾಜರು. ಗಂಡನಿಗೆ ಹೇಳಿದರೆ ‘ಇದು ನಿನಗೆ ಎಲ್ಲಿಂದ ಬಂತು’ ಎಂಬ ಪ್ರಶ್ನೆ, ಕೆಲವು ಮನೆಗಳಲ್ಲಿ ಏಟು. ಆದ್ದರಿಂದ ಹೇಳುವ ಭಾರವನ್ನು ಹೆಣ್ಣಿನ ಮೇಲೆ ಹಾಕದೆ ಆಪ್ತಸಮಾಲೋಚಕರೇ ಅವಳ ಒಪ್ಪಿಗೆ ಪಡೆದು ಗಂಡನೊಡನೆ ಮಾತಾಡುವುದು, ಅವನ ಪಾಲಿನ ಔಷಧವನ್ನೂ ಕೊಟ್ಟು ಕಳಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಎಚ್‌ಐವಿ ಇದ್ದವರ ಗುಟ್ಟು ಕಾಯುವುದು 2017ರ ಎಚ್‌ಐವಿ ಕಾಯ್ದೆಯಂತೆ ಆಸ್ಪತ್ರೆಯ ಕರ್ತವ್ಯ. ಉಳಿದ ಲೈಂಗಿಕ ಸೋಂಕುಗಳಿಗೂ ಅದೇ ಶಿಸ್ತು ಸಲ್ಲಬೇಕು. ವಜೈನೋಸಿಸ್‌ನಲ್ಲಿ ಗಂಡಸಿಗೆ ಚಿಕಿತ್ಸೆ ಬೇಡವೆಂದೇ ದಶಕಗಳ ಕಾಲ ಪುಸ್ತಕಗಳು ಹೇಳುತ್ತಿದ್ದವು. 2025ರ ಮಾರ್ಚಿನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ ಅದನ್ನು ಅಲುಗಾಡಿಸಿದೆ. ಹೆಂಗಸಿಗೆ ಮಾತ್ರ ಚಿಕಿತ್ಸೆ ಕೊಟ್ಟಾಗ ಹನ್ನೆರಡು ವಾರದೊಳಗೆ ಶೇ 63 ಮಂದಿಗೆ ತೊಂದರೆ ಮರುಕಳಿಸಿತು. ಗಂಡಸಿಗೂ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆ ಮತ್ತು ಹಚ್ಚಿಕೊಳ್ಳಲು ಕ್ಲಿಂಡಾಮೈಸಿನ್ ಮುಲಾಮು ಕೊಟ್ಟಾಗ ಮರುಕಳಿಸಿದ್ದು ಶೇ 35 ಮಂದಿಗೆ. ಎರಡೂ ಹಳೆಯ ಔಷಧಗಳು, ಬೆಲೆಯೂ ಹೆಚ್ಚಿಲ್ಲ. ಹಸಿರು ಕಿಟ್ ಪಡೆಯುವ ಹೆಣ್ಣುಮಗಳ ಗಂಡನಿಗೂ ಇವು ಸಲ್ಲಬೇಕಾದರೆ ಮಾರ್ಗಸೂಚಿ ಬದಲಾಗಬೇಕು, ಹೊಲದ ಕೆಲಸ, ಕಾರ್ಖಾನೆಯ ಶಿಫ್ಟ್ ಮುಗಿಸಿ ಬರುವ ಗಂಡಸರಿಗೆ ಹೊಂದುವಂತೆ ಸುರಕ್ಷಾ ಕ್ಲಿನಿಕ್‌ಗಳು ಸಂಜೆ ಹೊತ್ತಿನಲ್ಲೂ ತೆರೆದಿರಬೇಕು.